ಚೂಪು ಮೂಲೆ

೧೨ ಜನವರಿ ೨೦೦೯, ಸೋಮವಾರ, ನಾರ್ತ್‌ವಿಲ್

ಕೆಲಸ ಹೋಗಿ ಇವತ್ತಿಗೆ ಐದು ವಾರ. ಲಾರಿಗಳಿಗೆ ಸ್ಪ್ರಿಂಗಿನ ಕಮಾನು ಪಟ್ಟಿ ಮಾಡುವ ಕಾರ್ಖಾನೆಯ ಪ್ರಯೋಗಾಲಯವನ್ನು ಹತ್ತೊಂಬತ್ತು ವರ್ಷ ನೋಡಿಕೊಂಡವನು ನಾನು. ಮುರಿದ ಪಟ್ಟಿಯ ತುಂಡು ಕೈಗೆ ಕೊಟ್ಟರೆ ಸಾಕಿತ್ತು, ಬಿರುಕು ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು ಎಂದು ಹೇಳುತ್ತಿದ್ದೆ. ಈಗ ಡ್ರೈವ್‌ವೇಯ ಹಿಮ ಎತ್ತಿಹಾಕಿ ಒಳಗೆ ಬಂದು, ಇನ್ನಷ್ಟು ಬೀಳಲಿ ಎಂದು ಕಿಟಕಿಯಲ್ಲಿ ನಿಲ್ಲುತ್ತೇನೆ. ಹೆಂಡತಿ ಕೌಸಲ್ಯಾ ಆಸ್ಪತ್ರೆಯ ಲ್ಯಾಬಿಗೆ, ಮಗಳು ಮಾನ್ಯಾ ಹೈಸ್ಕೂಲಿಗೆ ಹೋದ ಮೇಲೆ ಮನೆಯಲ್ಲಿ ಫ್ರಿಜ್ಜಿನ ಸದ್ದು ಮತ್ತು ನಾನು.

ಸತೀಶನ ಫೋನು ಬಂದಿತ್ತು. ಕೌಸಲ್ಯಾಳ ತಮ್ಮ. ಶಿಕಾಗೋ ಪಕ್ಕದ ವುಡ್‌ರಿಡ್ಜ್‌ನಲ್ಲಿ ಕತ್ತಿ ಮಾಡುತ್ತಾನೆ. ಆರೇಳುನೂರು ವರ್ಷದ ಹಿಂದೆ ಯುರೋಪಿನ ಸೈನಿಕರು ಸೊಂಟಕ್ಕೆ ಕಟ್ಟುತ್ತಿದ್ದಂಥ ಉದ್ದ ಕತ್ತಿ. ಮ್ಯೂಸಿಯಮ್ಮುಗಳಲ್ಲಿ ಹಳೆಯದನ್ನು ಅಳೆದು, ತೂಗಿ, ಬರೆದುಕೊಂಡು ಬಂದು ಅಂಥದ್ದೇ ಹೊಸದು ಮಾಡುವುದು. ನಾಲ್ಕು ವರ್ಷದ ಹಿಂದೆ ಒಳ್ಳೆಯ ಸಾಫ್ಟ್‌ವೇರ್ ಕೆಲಸ ಬಿಟ್ಟು ಇದಕ್ಕೆ ಇಳಿದಾಗ ನಾನೇ ಒಂದು ಗಂಟೆ ಕೂರಿಸಿಕೊಂಡು ಬುದ್ಧಿ ಹೇಳಿದ್ದೆ.

"ಭಾವ, ಹೊರಗಡೆ ಕೊಟ್ಟು ಕಾಯಿಸಿ ಹದ ಹಾಕಿಸ್ತಿದೀನಿ, ಅಲಗೆಲ್ಲ ಸೊಟ್ಟ ಬರ್ತಿದೆ. ಇಲ್ಲೇ ಒಂದು ಕುಲುಮೆ ಹಾಕಿದೀನಿ. ನೀವು ಬಂದು ನಿಂತ್ರೆ ನನ್ನ ಪುಣ್ಯ."

ಯೋಚನೆ ಮಾಡ್ತೀನಿ ಎಂದೆ. ವಿನಯವಾಗಿ ಕೇಳಿದ, ಅದೇ ಕಷ್ಟ. ಸೊಕ್ಕಿನಿಂದ ಕರೆದಿದ್ದರೆ ಬೇಡ ಎನ್ನುವುದು ಸುಲಭವಿತ್ತು.

೧೮ ಜನವರಿ, ಭಾನುವಾರ

ಶೇಷಾದ್ರಿಯವರ ಮನೆಯಲ್ಲಿ ಸಂಕ್ರಾಂತಿ ಕೂಟ. ಎಳ್ಳು ಬೆಲ್ಲ ಕೈಗಿಡುತ್ತಲೇ ಅವರು ಲ್ಯಾಪ್‌ಟಾಪ್ ತಿರುಗಿಸಿ ತೋರಿಸಿದರು. ಶಿಕಾಗೋದ ಯಾವುದೋ ಪತ್ರಿಕೆಯಲ್ಲಿ ಸತೀಶ ಅರ್ಧ ಪುಟ ಬಂದಿದ್ದಾನೆ. ಕತ್ತಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅದರ ನೇರ ನೋಡುತ್ತಿರುವ ಫೋಟೋ. ಊರೆಲ್ಲ ಕೆಲಸ ಕಳೆದುಕೊಳ್ಳುತ್ತಿರುವಾಗ ಇವನಿಗೆ ಮಾತ್ರ ಎಂಟು ತಿಂಗಳಿಗೆ ಸಾಲುವಷ್ಟು ಆರ್ಡರ್ ಇದೆಯಂತೆ. ಉಕ್ಕಿನ ಗುಣವನ್ನು ಮೊದಲು ಹೇಳಿಕೊಟ್ಟವರು 'ಡೆಟ್ರಾಯಿಟ್‌ನ ಒಬ್ಬ ಸಂಬಂಧಿಕರು' ಎಂದು ಒಂದು ಸಾಲಿದೆ. ನಮ್ಮೂರು ಡೆಟ್ರಾಯಿಟ್ ಪಕ್ಕದ್ದೇ, ಅದು ನಾನು. ಹೆಸರಿಲ್ಲ.

"ನೀವು ಸತೀಶನ ಭಾವ ಅಲ್ವೇ?" ಎಂದು ಮೂವರು ಕೇಳಿದರು. ಒಬ್ಬರಿಗೂ ನನ್ನ ಹೆಸರು ಬೇಕಾಗಲಿಲ್ಲ.

ಕಾರಿನಲ್ಲಿ ಕೌಸಲ್ಯಾ, "ಅವನ ಹೆಸರೆತ್ತಿದ್ರೆ ನಿಮ್ಮ ಮುಖ ಯಾಕೆ ಹಾಗಾಗತ್ತೆ?" ಎಂದಳು. ಚಳಿಗೆ ಎಂದೆ. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್ ಇತ್ತು, ಸುಳ್ಳೇನಲ್ಲ.

೨ ಫೆಬ್ರವರಿ, ಸೋಮವಾರ, ವುಡ್‌ರಿಡ್ಜ್

ಬಂದೆ. ಅಪ್ಲೈ ಮಾಡಿದ ಇಪ್ಪತ್ತಾರು ಕಡೆಯಿಂದಲೂ ಉತ್ತರವಿಲ್ಲ. ಕೌಸಲ್ಯಾ ನನ್ನ ಬಟ್ಟೆ ಜೋಡಿಸಿಟ್ಟಿದ್ದಳು. ಇನ್ನೂರ ಎಂಬತ್ತು ಮೈಲಿ, ಕಲಮಜೂ ತನಕ ಹಿಮ. ವಾರವೆಲ್ಲ ಸತೀಶನ ಮನೆಯ ಬೇಸ್‌ಮೆಂಟ್, ಶನಿವಾರ ಊರಿಗೆ. ಎಂಟು ವರ್ಷದ ಹಿಂದೆ ಕೆಲಸ ಹೋದಾಗ ಇವನು ನಮ್ಮ ಬೇಸ್‌ಮೆಂಟಿನಲ್ಲಿ ಒಂಬತ್ತು ತಿಂಗಳಿದ್ದ. ಮದುವೆಯಾಗಿಲ್ಲ, ಮೂವತ್ತೆಂಟು. ನನಗಾಗಿ ಹೊಸ ಹೊದಿಕೆ ತಂದಿಟ್ಟಿದ್ದಾನೆ.

ಅವನು ಕತ್ತಿ ಮಾಡುವ ಅಂಗಡಿ ಹೆದ್ದಾರಿ ಪಕ್ಕದ ಶೆಡ್ಡುಗಳ ಸಾಲಿನಲ್ಲಿ ಕೊನೆಯದು. ಇನ್ನೊಬ್ಬ ಕೆಲಸಗಾರ ದಾನಪ್ಪ, ಹುಬ್ಬಳ್ಳಿಯವರು. ಟ್ರಾಕ್ಟರ್ ಕಾರ್ಖಾನೆಯ ಟೂಲ್‌ರೂಮಿನಿಂದ ಲೇಆಫ್ ಆಗಿ ಬಂದವರು. ಅಲಗು ಉಜ್ಜಿ ಆಕಾರ ಕೊಡುತ್ತಾರೆ.

ಸತೀಶ ಒಂದು ಕತ್ತಿಯನ್ನು ಕೈಗಿಟ್ಟ. ಹತ್ತು ಹನ್ನೆರಡು ಪೌಂಡು ಇರಬಹುದೆಂದು ತೋಳು ಬಿಗಿ ಮಾಡಿದ್ದೆ, ಮೇಲಕ್ಕೆ ಹಾರಿಹೋಯಿತು.

"ಎಲ್ಲರೂ ಹೀಗೇ ಮಾಡ್ತಾರೆ ಭಾವ" ಎಂದು ನಕ್ಕ. "ಮೂರು ಪೌಂಡಿಗೂ ಕಮ್ಮಿ. ಹಳೆಯದೂ ಅಷ್ಟೇ ಇತ್ತು. ಭಾರ ಇರೋದು ಗೋಡೆಗೆ ತೂಗುಹಾಕೋ ನಕಲಿಗಳು ಮಾತ್ರ."

ಹಿಡಿಯಿಂದ ತುದಿಗೆ ಹೋಗುತ್ತ ಅಲಗು ತೆಳ್ಳಗಾಗುವ ರೀತಿ, ನಡುವಿನ ಉದ್ದ ತೋಡು, ಕೈಯಲ್ಲಿ ಅದು ತಾನಾಗಿ ಮುಂದಕ್ಕೆ ಹೊರಡುವ ರೀತಿ ಎಲ್ಲ ನೋಡಿದೆ. ಉಕ್ಕು ನಮ್ಮ ಕಮಾನು ಪಟ್ಟಿಯದೇ. ಹತ್ತೊಂಬತ್ತು ವರ್ಷ ಅದೇ ಉಕ್ಕನ್ನು ಲಾರಿಯ ಹೊಟ್ಟೆಯಡಿ ಹಾಕಿ ಕಳಿಸಿದೆ. ಇದು ಹೀಗೂ ಆಗಬಹುದೆಂದು ನನಗೆ ಯಾಕೆ ಹೊಳೆಯಲಿಲ್ಲ? ತಪ್ಪು ಹುಡುಕಿದೆ. ಹಿಡಿಯ ಚರ್ಮದ ಹೊಲಿಗೆ ಒಂದು ಕಡೆ ಓರೆ ಇತ್ತು. ಅಷ್ಟೇ ಸಿಕ್ಕಿತು.

೧೧ ಫೆಬ್ರವರಿ, ಬುಧವಾರ

ಕುಲುಮೆ ಎತ್ತರದ್ದು, ಅಲಗನ್ನು ನೇತುಹಾಕಿ ಕಾಯಿಸುವುದು. ಸಾವಿರದ ಐನೂರೈವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ತಂದು ಎಣ್ಣೆಗೆ ಇಳಿಸಿ, ಆಮೇಲೆ ಕಡಿಮೆ ಶಾಖದಲ್ಲಿ ಎರಡು ಸಲ ಹದ. ಇವತ್ತು ಆರಕ್ಕೆ ಆರೂ ನೇರ ಬಂದವು. ಒಂದನ್ನು ಮೇಜಿನ ವೈಸಿನ ಹಿಡಿತಕ್ಕೆ ಸಿಕ್ಕಿಸಿ ಬಿಲ್ಲಿನಂತೆ ಬಗ್ಗಿಸಿ ಬಿಟ್ಟೆ. ಕೂದಲೆಳೆಯಷ್ಟೂ ಓರೆಯಾಗದೆ ತಿರುಗಿ ನಿಂತಿತು.

"ಏನ್ರೀ ಸಾಹೇಬ್ರ, ಹದಾ ಭಾಳ ಛಲೋ ಬಂದೈತ್ರಿ!" ಎಂದರು ದಾನಪ್ಪ.

ಸಂಜೆ ಕೊಳ್ಳಲು ಬಂದವರು ಅದೇ ಕತ್ತಿಯನ್ನು ಬಗ್ಗಿಸಿ ನೋಡಿ ಸತೀಶನ ಕೈ ಕುಲುಕಿದರು. ಅವನು ನನ್ನತ್ತ ಕೈ ತೋರಿಸಿದ, ನಿಜ. ಅವರು ನನ್ನತ್ತ ತಲೆಯಾಡಿಸಿ ಮತ್ತೆ ಅವನ ಕೈಯನ್ನೇ ಕುಲುಕಿದರು.

೭ ಏಪ್ರಿಲ್, ಮಂಗಳವಾರ

ಮಾನ್ಯಾಗೆ ಸ್ಪ್ರಿಂಗ್ ಬ್ರೇಕ್. ನನ್ನ ಜೊತೆ ಬಂದಿದ್ದಾಳೆ. ನನ್ನ ಜೊತೆ ಎಂದು ಬರೆದೆ, ಆದರೆ ಬಂದಿರುವುದು ಮಾಮನ ಹತ್ತಿರ. ಮರದ ಕತ್ತಿ ಹಿಡಿದು ಶೆಡ್ಡಿನ ಹಿಂದೆ ಇಬ್ಬರೂ ಹೆಜ್ಜೆ ಹಾಕುವುದು, ತಿರುಗುವುದು, ನಗುವುದು. ಊಟಕ್ಕೆ ಕೂತಾಗ, ಹಳೆಯ ಕಾಲದಲ್ಲಿ ಥರ್ಮಾಮೀಟರ್ ಇಲ್ಲದೆ ಕಮ್ಮಾರರಿಗೆ ಶಾಖ ಹೇಗೆ ಗೊತ್ತಾಗುತ್ತಿತ್ತು ಎಂದು ಕೇಳಿದಳು. ಕೇಳಿದ್ದು ಅವನನ್ನು. ಕೆಂಪಿನ ಬಣ್ಣ ನೋಡಿ, ಆಯಸ್ಕಾಂತ ಅಂಟುವುದು ನಿಂತಿತೇ ಎಂದು ಹಿಡಿದು ನೋಡಿ ಎಂದು ನಾನು ಇವಳಿಗೆ ಏಳನೇ ವಯಸ್ಸಿನಲ್ಲಿ ಹೇಳಿದ್ದೆ. ಆಗ "ಕ್ಯಾನ್ ಐ ಗೋ ನೌ, ಅಪ್ಪ?" ಎಂದಿದ್ದಳು. ಇವತ್ತು ಅದೇ ಮಾತು ಅವನು ಹೇಳಿದರೆ ತಟ್ಟೆಯಲ್ಲಿದ್ದ ಚಿತ್ರಾನ್ನ ಮರೆತು ಕೂತಳು.

"ಮಾಮ, ದಟ್ಸ್ ಸೋ ಕೂಲ್."

ನಾನು ಎದ್ದು ತಟ್ಟೆ ತೊಳೆದೆ.

೮ ಏಪ್ರಿಲ್, ಬುಧವಾರ

ಹೊಸ ಮಾದರಿ. ಎರಡು ಕೈಯಲ್ಲಿ ಹಿಡಿಯುವ ಉದ್ದ ಕತ್ತಿ, ಐದು ಮಾಡುತ್ತಿದ್ದೇವೆ. ಮುಂದಿನ ತಿಂಗಳು ಪಕ್ಕದೂರು ಡೌನರ್ಸ್ ಗ್ರೋವ್‌ನಲ್ಲಿ ಪ್ರದರ್ಶನವಿದೆ, ನೆನೆಸಿದ ಚಾಪೆಯ ಸುರುಳಿಯನ್ನು ಎಲ್ಲರೆದುರು ಕಡಿದು ತೋರಿಸುವುದು. ಸತೀಶ ಮೊದಲ ಅಲಗನ್ನು ಮಗು ಎತ್ತಿಕೊಂಡಂತೆ ಎತ್ತಿಕೊಂಡು ಬಂದ.

"ಭಾವ, ಒಂದ್ಸಲ ಕಣ್ಣಾಡಿಸ್ತೀರಾ?"

ನೋಡಿದೆ. ಅಲಗು ಕಿರಿದಾಗಿ ಹಿಡಿಯೊಳಗೆ ಸೇರುವ ಬಾಲ ಶುರುವಾಗುವ ಜಾಗ. ಮೊದಲೆಲ್ಲ ಅಲ್ಲಿ ಮೂಲೆಯನ್ನು ದುಂಡಗೆ ಬಿಡುತ್ತಿದ್ದ. ಈ ಸಲ ಕೈಗೆ ರಕ್ಷೆಯಾಗಿ ಹಿಡಿಯ ಮುಂದೆ ಬರುವ ಅಡ್ಡಪಟ್ಟಿ ಸಂದಿಲ್ಲದೆ ಕೂರಲೆಂದು ಚೂಪಾಗಿ ಕತ್ತರಿಸಿದ್ದಾನೆ. ಬೀಳುವ ಪೆಟ್ಟೆಲ್ಲ ಬಂದು ನಿಲ್ಲುವುದು ಅಲ್ಲೇ. ನನ್ನ ಪ್ರಯೋಗಾಲಯಕ್ಕೆ ಇಂಥ ಮೂಲೆಯ ಪಟ್ಟಿ ಬಂದಿದ್ದರೆ ಅಳೆಯದೆಯೇ ವಾಪಸ್ ಕಳಿಸುತ್ತಿದ್ದೆ.

ಪಕ್ಕದಲ್ಲಿ ಮಾನ್ಯಾ ನಿಂತಿದ್ದಳು, ಮಾಮನ ಮುಖವನ್ನೇ ನೋಡುತ್ತ.

"ಚೆನ್ನಾಗಿದೆ" ಎಂದೆ.

ಅವನ ಮುಖ ಅರಳಿತು. ನನ್ನ ಕೆಲಸ ಹದ. ವಿನ್ಯಾಸ ಅವನದು, ಪತ್ರಿಕೆಯಲ್ಲಿ ಬರುವುದೂ ಅವನೇ.

೯ ಏಪ್ರಿಲ್

ಹೇಳಲಿಲ್ಲ. ಹದಕ್ಕೆ ಹಾಕುವಾಗ ಅವನಿಗೇ ಕಾಣುತ್ತದೆ.

೧೪ ಏಪ್ರಿಲ್

ಐದೂ ಹದಕ್ಕೆ ಹಾಕಿದೆ. ಐದೂ ನೇರ. ಅವನಿಗೆ ಕಾಣಲಿಲ್ಲ.

೨೪ ಏಪ್ರಿಲ್, ಶುಕ್ರವಾರ

ದಾನಪ್ಪ ಬೆರಳಿನಿಂದ ಆ ಮೂಲೆ ಸವರಿ ನೋಡುತ್ತ ಕೂತಿದ್ದರು.

"ಸಾಹೇಬ್ರ, ಈ ಮೂಲಿ ಭಾಳ ಚೂಪ ಆತೇನ್ರೀ?"

"ವಿನ್ಯಾಸ ಸತೀಶಂದು. ಅಳತೆ ಮಾಡಿಯೇ ಮಾಡಿರ್ತಾನೆ."

"ಹಂಗಲ್ರೀ, ನೀವು ನೋಡೀರೇನು?"

"ನೋಡಿದೀನಿ."

"ನೀವು ನೋಡೀರಿ ಅಂದಮ್ಯಾಲ ಮುಗೀತ್ರಿ" ಎಂದು ಅಡ್ಡಪಟ್ಟಿ ಹಾಕಿ ಬಿಗಿಸಿಬಿಟ್ಟರು. ಈಗ ಮೂಲೆ ಯಾರಿಗೂ ಕಾಣುವುದಿಲ್ಲ.

ಮುರಿದೇ ಮುರಿಯುತ್ತದೆ ಎಂದೇನಿಲ್ಲ. ವರ್ಷಗಟ್ಟಲೆ ನಡೆಯಲೂಬಹುದು. ಒಂದು ಸಲ ಜನರೆದುರು ಸಣ್ಣದಾಗಿ ಬಿರುಕು ಬಿಟ್ಟರೆ ಅವನಿಗೂ ಒಂದು ಪಾಠ. ಆಗ ಯಾರನ್ನು ಕೇಳಬೇಕು ಎಂದು ಗೊತ್ತಾಗುತ್ತದೆ.

೧೦ ಮೇ, ಭಾನುವಾರ, ನಾರ್ತ್‌ವಿಲ್

ತಾಯಂದಿರ ದಿನವೆಂದು ಸತೀಶ ಅಕ್ಕನಿಗೆ ಹೂವು ಕಳಿಸಿದ್ದಾನೆ. ನಾನು ಕಾರ್ಡು ತಂದಿದ್ದೆ. ಹೂವು ಮೇಜಿನ ನಡುವೆ ಇದೆ, ಕಾರ್ಡು ಫ್ರಿಜ್ಜಿನ ಮೇಲೆ.

೧೭ ಮೇ, ಭಾನುವಾರ, ವುಡ್‌ರಿಡ್ಜ್

ನಿನ್ನೆಯದನ್ನು ಇವತ್ತು ಬರೆಯುತ್ತಿದ್ದೇನೆ.

ಡೌನರ್ಸ್ ಗ್ರೋವ್‌ನ ಪಾರ್ಕಿನ ಹಾಲ್. ನೂರೈವತ್ತು ಜನ ಇದ್ದರು, ಮಕ್ಕಳೇ ಹೆಚ್ಚು. ಮಾನ್ಯಾ ಬೆಳಿಗ್ಗೆ ಕೌಸಲ್ಯಾಳ ಜೊತೆ ಡ್ರೈವ್ ಮಾಡಿಕೊಂಡು ಬಂದಿದ್ದಳು. ವೇದಿಕೆಯಲ್ಲಿ ಸತೀಶ ಮೊದಲು ಹಳೆಯ ಮಾದರಿಯ ಕತ್ತಿಯಿಂದ ಎರಡು ಸುರುಳಿ ಕಡಿದ. ಆಮೇಲೆ ಹೊಸದನ್ನು ಎತ್ತಿಕೊಂಡು, "ಇದನ್ನ ಮೊದಲು ನನ್ನ ಸೋದರ ಸೊಸೆ ಕಡೀತಾಳೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ನನಗೆ ತಿಳಿಸಿರಲಿಲ್ಲ. ಆಶ್ಚರ್ಯವಾಗಲಿ ಎಂದಿದ್ದರಂತೆ.

ನಾನು ಹೇಗೆ ವೇದಿಕೆ ಹತ್ತಿದೆನೋ ಗೊತ್ತಿಲ್ಲ. "ಅವಳಿಗೆ ಬೇಡ" ಎಂದೆ.

"ಚೆನ್ನಾಗಿ ಪ್ರಾಕ್ಟೀಸ್ ಮಾಡಿದಾಳೆ ಭಾವ, ಏನಾಗಲ್ಲ."

"ಬೇಡ ಅಂದ್ರೆ ಬೇಡ."

"ವೈ?" ಎಂದಳು ಮಾನ್ಯಾ. ಮುಖ ಕೆಂಪಾಗಿತ್ತು. "ಬಿಕಾಸ್ ಐ ಆಮ್ ಎ ಗರ್ಲ್?"

ಎಲ್ಲರೂ ನೋಡುತ್ತಿದ್ದರು. ಒಂದೇ ಒಂದು ವಾಕ್ಯ ಹೇಳಿದ್ದರೆ ಆಗುತ್ತಿತ್ತು. "ಹೌದು ಅಂದ್ಕೋ" ಎಂದೆ.

ಅವಳು ಇಳಿದುಹೋಗಿ ಮುಂದಿನ ಸಾಲಿನಲ್ಲಿ ಫೋನು ಹಿಡಿದು ನಿಂತಳು, ಮಾಮ ಕಡಿಯುವುದನ್ನು ವಿಡಿಯೋ ಮಾಡಲು. ನಾನು ಪಕ್ಕಕ್ಕೆ ಸರಿದು ನಿಂತೆ. ಹೌದು, ಸರಿದು ನಿಂತೆ. ಅವನ ಕೈಯಲ್ಲಿದ್ದ ಕತ್ತಿ ನೋಡುತ್ತ ಸುಮ್ಮನೆ ನಿಂತೆ.

ಮೊದಲ ಸುರುಳಿ ಹಗುರವಾಗಿ ಎರಡಾಯಿತು. ಎರಡನೆಯದರಲ್ಲಿ ಪೆಟ್ಟು ಆಳಕ್ಕೆ ಹೋಗಿ ಸುರುಳಿ ನಿಲ್ಲಿಸಿದ್ದ ಮರದ ಗೂಟಕ್ಕೆ ತಾಗಿತು. ಟಕ್ ಎಂದು ಸದ್ದು. ನನಗೆ ಆ ಸದ್ದು ಗೊತ್ತು. ಹಿಡಿ ಅವನ ಕೈಯಲ್ಲಿ ಉಳಿಯಿತು, ಅಲಗು ಗೂಟದಿಂದ ಪುಟಿದು ಮುಂದಿನ ಸಾಲಿನತ್ತ, ಮಾನ್ಯಾಳತ್ತ ತಿರುಗಿತು. ಸತೀಶ ಎಡಗೈ ಅಡ್ಡ ಕೊಟ್ಟ.

ಆಸ್ಪತ್ರೆಯಲ್ಲಿ ಮೂರು ಗಂಟೆ ಆಪರೇಷನ್. ಎರಡು ಬೆರಳಿನ ನರ ಕಡಿದಿವೆ, ಜೋಡಿಸಿದ್ದಾರೆ. ಪೂರ್ತಿ ಮಡಚಲು ಆಗುವುದು ಅನುಮಾನವಂತೆ. ಮಾನ್ಯಾಗೆ ಒಂದು ಗೀರೂ ಇಲ್ಲ. ಕೌಸಲ್ಯಾ ನನ್ನ ತೋಳು ಹಿಡಿದು, "ನೀವು ಬೇಡ ಅಂದಿದ್ದು ದೇವರೇ ಹೇಳಿಸಿದ ಹಾಗಾಯ್ತು" ಎಂದು ಅತ್ತಳು.

೧೯ ಮೇ, ಮಂಗಳವಾರ

ಸತೀಶ ಮನೆಗೆ ಬಂದಿದ್ದಾನೆ. ಮುರಿದ ಎರಡು ತುಂಡನ್ನೂ ಟವೆಲಿನಲ್ಲಿ ಸುತ್ತಿ ಊಟದ ಮೇಜಿನ ಮೇಲೆ ಇಟ್ಟುಕೊಂಡು ಕೂತಿದ್ದ. ಪ್ರದರ್ಶನ ನೋಡಿದವರೆಲ್ಲ ಹದ ತಪ್ಪಿದೆ ಎಂದು ಇಂಟರ್ನೆಟ್ಟಿನಲ್ಲಿ ಬರೆಯುತ್ತಿದ್ದಾರಂತೆ. ಹದದ ತಪ್ಪಲ್ಲ, ಹದ ಹಾಕಿದ್ದು ನನ್ನ ಭಾವ ಎಂದು ಒಂದೇ ಕೈಯಲ್ಲಿ ಟೈಪ್ ಮಾಡಿ ಉತ್ತರ ಹಾಕುತ್ತಿದ್ದಾನೆ.

"ನೋಡಿ ಹೇಳಿ ಭಾವ. ಯಾಕೆ ಹೋಯ್ತು?"

ಟವೆಲ್ ಬಿಚ್ಚಿದೆ. ಮುರಿದ ಮುಖ ನುಣ್ಣಗೆ, ಬೂದಿ ಬಣ್ಣ. ಒಳ್ಳೆಯ ಹದ. ಒಂದು ಮೂಲೆಯಲ್ಲಿ ಬಿರುಕು ಹುಟ್ಟಿದ ಜಾಗ ಉಗುರಿನಷ್ಟು ಕಾಣುತ್ತಿತ್ತು.

"ಬಾಲದ ಮೂಲೆ ನೀನು ಚೂಪಾಗಿ ಬಿಟ್ಟಿದ್ದೆ. ಅಲ್ಲಿಂದ ಶುರುವಾಗಿದೆ."

"ಅಯ್ಯೋ. ನನಗೆ ಹೊಳೀಲೇ ಇಲ್ಲ ನೋಡಿ."

"ನನಗೆ ಹೊಳೆದಿತ್ತು."

ತಮಾಷೆ ಎಂದುಕೊಂಡು ನಗಲು ಹೋದ. ಆಮೇಲೆ ನಗಲಿಲ್ಲ.

"ಯಾವಾಗ?"

"ನೀನು ತೋರಿಸಿದ ದಿನಾನೇ."

"ಮತ್ತೆ ಚೆನ್ನಾಗಿದೆ ಅಂದ್ರಿ."

"ಹೂಂ. ನಿನ್ನ ಮೇಲೆ ಹೊಟ್ಟೆಕಿಚ್ಚು ಸತೀಶ. ಬೇರೇನಿಲ್ಲ."

ಆ ಪದ ಬಾಯಿಂದ ಬಂದಾಗ ನನಗೇ ಆಶ್ಚರ್ಯ. ಈ ಪುಸ್ತಕದಲ್ಲಿ ಹಿಂದಕ್ಕೆ ತಿರುವಿ ನೋಡಿದೆ, ಎಲ್ಲೂ ಬರೆದಿಲ್ಲ.

ಅವನು ಬಲಗೈಯಿಂದ ಟವೆಲ್ ಎಳೆದು ತುಂಡುಗಳನ್ನು ಮುಚ್ಚಿದ. ಕಿರುಚಿದ್ದರೆ ತಡೆದುಕೊಳ್ಳುತ್ತಿದ್ದೆ. ಮೆಲ್ಲಗೆ ಹೇಳಿದ:

"ಮಾನ್ಯಾಗೆ ಬೇಡ ಅಂದ್ರಿ. ನನಗೆ ಬೇಡ ಅನ್ಲಿಲ್ಲ."

ಚೀಲ ತುಂಬಿಕೊಂಡು ಹೊರಟೆ. ತಡೆಯಲಿಲ್ಲ.

೨೦ ಮೇ, ನಾರ್ತ್‌ವಿಲ್

ಏನೂ ಇಲ್ಲ.

೧ ಜೂನ್, ಸೋಮವಾರ

ದಾನಪ್ಪನವರ ಫೋನು. ಸತೀಶ ದಿನಾ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು ಹೋಗುತ್ತಾನಂತೆ. ಕುಲುಮೆ ಹೊತ್ತಿಸಿ ಹದಿನೈದು ದಿನವಾಯಿತಂತೆ. "ಬರ್ರಿ ಸಾಹೇಬ್ರ, ನೀವ ಇಲ್ದ ಹೆಂಗ್ರಿ?" ಅವರಿಗೆ ಏನೂ ಗೊತ್ತಿಲ್ಲ. ಕೌಸಲ್ಯಾಗೂ ಇಲ್ಲ, ಸತೀಶ ಯಾರಿಗೂ ಹೇಳಿಲ್ಲ.

ಸತೀಶನಿಗೆ ಫೋನು ಮಾಡಿ, ಬರಲಾ ಎಂದು ಕೇಳಿದೆ.

"ಕುಲುಮೆ ನಿಮಗಲ್ದೆ ಇಲ್ಲಿ ಯಾರಿಗೂ ಬರಲ್ಲ" ಎಂದ. ಇಷ್ಟೇ.

೩ ಜೂನ್, ಬುಧವಾರ, ವುಡ್‌ರಿಡ್ಜ್

ಆ ಮೂಲೆಯ ಕತ್ತಿ ಇನ್ನೂ ನಾಲ್ಕಿದ್ದವು. ಅಡ್ಡಪಟ್ಟಿ ಬಿಚ್ಚಿ, ವೈಸಿಗೆ ಸಿಕ್ಕಿಸಿ, ಸುತ್ತಿಗೆಯಲ್ಲಿ ನಾಲ್ಕನ್ನೂ ಮುರಿದೆ. ದಾನಪ್ಪನವರು ಕೇಳಿದರು: "ಅವತ್ತ ನೋಡೀನಿ ಅಂದಿದ್ರಲ್ರೀ?" ನೋಡಿದ್ದೆ, ಬೇಕಂತಲೇ ಸುಮ್ಮನಿದ್ದೆ ಎಂದೆ. ಒಂದು ವಾರ ಅವರು ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ ಅನ್ನಿಸುತ್ತದೆ. ಇವತ್ತಂತೂ ಕೂರಲಿಲ್ಲ.

೨೯ ಜೂನ್, ಸೋಮವಾರ

ಒಂದು ವಾರವಲ್ಲ, ಹೆಚ್ಚುಕಡಿಮೆ ನಾಲ್ಕು ವಾರ ಬೇಕಾಯಿತು ದಾನಪ್ಪನವರಿಗೆ. ಇವತ್ತು ರೊಟ್ಟಿ ಡಬ್ಬಿ ನನ್ನತ್ತ ತಳ್ಳಿದರು.

ಸತೀಶ ಕೆಲಸದ ಮಾತು ಮಾತ್ರ ಆಡುತ್ತಾನೆ. ಅವನು ಬಲಗೈಯಲ್ಲಿ ಗೆರೆ ಎಳೆಯುತ್ತಾನೆ, ಕಾಗದ ಜಾರದಂತೆ ನಾನು ಹಿಡಿದುಕೊಳ್ಳುತ್ತೇನೆ. ಹೀಗೆ ಹತ್ತಿರದಿಂದ ನೋಡುವಾಗ ಒಂದು ವಿಷಯ ಗೊತ್ತಾಯಿತು. ಅಲಗಿನ ಅಂಚಿನ ಗೆರೆಯನ್ನು ಅವನು ಅಳತೆಪಟ್ಟಿ ಇಟ್ಟು ಎಳೆಯುವುದಿಲ್ಲ. ಒಂದೇ ಉಸಿರಿನಲ್ಲಿ ಎಳೆದುಬಿಡುತ್ತಾನೆ. ಆಮೇಲೆ ಅಳೆದರೆ ಹಳೆಯ ಕತ್ತಿಯದಕ್ಕೆ ಸರಿಹೊಂದುತ್ತದೆ. ಹನ್ನೊಂದು ಸಲ ಅಳೆದೆ.

೩೧ ಜುಲೈ, ಶುಕ್ರವಾರ

ಆ ಪತ್ರಿಕೆಯವರು ಮತ್ತೆ ಬಂದಿದ್ದರು. ಅಪಘಾತದ ಮೇಲೂ ಅಂಗಡಿ ಮುಚ್ಚದೆ ಉಳಿದದ್ದು ಹೇಗೆ ಎಂದು ಕೇಳಿದರೆ ಸತೀಶ ನನ್ನತ್ತ ಕೈ ತೋರಿಸಿ ಒಳಗೆ ಹೋದ. ಫೋಟೋ ತೆಗೆಯುತ್ತೇವೆ, ಕತ್ತಿ ಹಿಡಿಯಿರಿ ಎಂದರು. ಕುಲುಮೆಯಲ್ಲಿ ಅಲಗು ಇದೆ, ಬಿಟ್ಟು ಬರಲಾಗುವುದಿಲ್ಲ ಎಂದೆ. ನಿಜವಾಗಿ ಇತ್ತು. ಅವರು ಹೋದದ್ದು ನನಗೆ ತಿಳಿಯಲಿಲ್ಲ.

೨೨ ಆಗಸ್ಟ್, ಶನಿವಾರ, ನಾರ್ತ್‌ವಿಲ್

ಮಧ್ಯಾಹ್ನ ಊಟಕ್ಕೆ ಕೂತಾಗ ಕೌಸಲ್ಯಾ, "ನೀವಿಲ್ದಿದ್ರೆ ಸತೀಶ ಈ ವರ್ಷ ಮುಳುಗೇ ಹೋಗ್ತಿದ್ದ. ಎಲ್ಲರ ಹತ್ರಾನೂ ಅದನ್ನೇ ಹೇಳ್ತೀನಿ" ಎಂದಳು. ಮಾನ್ಯಾ ತಲೆ ಎತ್ತಲಿಲ್ಲ. ಮೇ ತಿಂಗಳಿಂದ ನನ್ನೊಡನೆ ಅಗತ್ಯವಿದ್ದಷ್ಟೇ ಮಾತು. ಮುಂದಿನ ವಾರ ಕಾಲೇಜಿಗೆ ಹೊರಡುತ್ತಾಳೆ.

ಅನ್ನ ಕಲಸಿಟ್ಟು ಎಲ್ಲ ಹೇಳಿದೆ. ಮೂಲೆ ಕಂಡ ದಿನ, ಚೆನ್ನಾಗಿದೆ ಎಂದದ್ದು, ದಾನಪ್ಪನವರ ಬಾಯಿ ಮುಚ್ಚಿಸಿದ್ದು, ವೇದಿಕೆಯ ಮೇಲೆ ಸರಿದು ನಿಂತದ್ದು.

ಮೊದಲು ಮಾತಾಡಿದ್ದು ಮಾನ್ಯಾ.

"ಸೋ ಇಟ್ ವಾಸಂಟ್ ಬಿಕಾಸ್ ಐ ಆಮ್ ಎ ಗರ್ಲ್."

"ಅಲ್ಲ."

"ದಿಸ್ ಈಸ್ ವರ್ಸ್, ಅಪ್ಪ."

"ಹೌದು."

ಕೌಸಲ್ಯಾ ಕೈ ತೊಳೆದುಕೊಂಡು ಫೋನು ಹಿಡಿದು ಹಿತ್ತಲಿಗೆ ಹೋದಳು. ಮುಕ್ಕಾಲು ಗಂಟೆ. ಗಾಜಿನ ಬಾಗಿಲಿನಲ್ಲಿ ಅವಳು ಹುಲ್ಲಿನ ಮೇಲೆ ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಒಂದು ಸಲ ಕೂತುಬಿಟ್ಟಳು. ಒಳಗೆ ಬಂದವಳು ನಿಂತುಕೊಂಡೇ ಹೇಳಿದಳು:

"ಅವನು ನಿಮ್ಮನ್ನ ಸೋಮವಾರ ಬೇಗ ಬರೋಕೆ ಹೇಳಿದಾನೆ. ಹನ್ನೆರಡು ಅಲಗು ರೆಡಿ ಇದೆಯಂತೆ."

"ಮತ್ತೆ ನೀನು?"

"ನಾನು ಇವತ್ತು ಏನೂ ಹೇಳಲ್ಲ. ಶುರು ಮಾಡಿದ್ರೆ ನಿಲ್ಲಲ್ಲ."

೨೩ ಆಗಸ್ಟ್, ಭಾನುವಾರ

ಕಲಮಜೂ ದಾಟಿ ರೆಸ್ಟ್ ಏರಿಯಾದಲ್ಲಿ ಕಾರು ನಿಲ್ಲಿಸಿ ಬರೆಯುತ್ತಿದ್ದೇನೆ. ಮಧ್ಯಾಹ್ನ ಮೂರು. ಹೊರಡುವಾಗ ಕೌಸಲ್ಯಾ ಬಾಗಿಲಿಗೆ ಬರಲಿಲ್ಲ. ಸತೀಶನಿಗೆಂದು ಚಟ್ನಿಪುಡಿ ಡಬ್ಬಿ ಸೀಟಿನ ಮೇಲಿತ್ತು, ಒಂದೇ. ಮಾನ್ಯಾ ಗರಾಜಿನವರೆಗೆ ಬಂದು, ಮುರಿದ ತುಂಡು ಇನ್ನೂ ಇದೆಯಾ ಎಂದು ಕೇಳಿದಳು. ಇದೆ ಎಂದೆ. "ಐ ವಾಂಟ್ ಟು ಸೀ ಇಟ್" ಎಂದಳು. ಮುಂದಿನ ಸಲ ತರುತ್ತೇನೆ.

ದಾರಿಯುದ್ದಕ್ಕೂ ಆ ಹನ್ನೆರಡು ಅಲಗಿನದೇ ಯೋಚನೆ. ತುದಿ ಸೂಜಿಯಂತೆ ಕಿರಿದಾಗುವ ಮಾದರಿ, ಎಣ್ಣೆಗೆ ಇಳಿಸಿದಾಗ ತುದಿ ಓರೆಯಾಗುತ್ತದೆ. ತುದಿಯನ್ನು ದಪ್ಪ ಬಿಟ್ಟು ಹದವಾದ ಮೇಲೆ ಉಜ್ಜೋಣ ಎಂದು ನಾನು. ಬೇಡ, ಮೊದಲೇ ತೆಳ್ಳಗೆ ಮಾಡಿ, ನೆಟ್ಟಗೆ ತುದಿ ಮೊದಲಾಗಿ ಇಳಿಸೋಣ ಎಂದು ಸತೀಶ. ಶುಕ್ರವಾರ ಅರ್ಧ ದಿನ ಇದೇ ವಾದ. ಇಲ್ಲಿ ಬೆಂಚಿನ ಮೇಲೆ ಕೂತು ಲೆಕ್ಕ ಹಾಕಿದೆ. ದಪ್ಪ ಬಿಟ್ಟರೆ ತುದಿ ನಿಧಾನ ಆರುತ್ತದೆ, ನಡುಭಾಗ ಬೇಗ ಆರುತ್ತದೆ. ಓರೆ ಬರುವುದೇ ಅದರಿಂದ. ಅವನು ಹೇಳಿದ್ದೇ ಸರಿ.

ನಾಳೆ ಕುಲುಮೆ ಹೊತ್ತಿಸುವ ಮೊದಲೇ ಅವನಿಗೆ ಹೇಳಬೇಕು. ನಾಳೆ ಯಾಕೆ, ಕಾರು ಹತ್ತುವ ಮೊದಲು ಇಲ್ಲಿಂದಲೇ ಫೋನು ಮಾಡುತ್ತೇನೆ.